ಪೊಲೀಸ್ ಮತ್ತು ಸ್ಥಳೀಯ ಆಡಳಿತ: ಸದನದ ಪ್ರಶ್ನೆಗಳಿಗೆ ಸಚಿವರು ನೀಡುವ ಉತ್ತರಗಳು – ನಾಗರಿಕರಿಗೆ ಮಾಹಿತಿ

ಪೊಲೀಸ್ ಠಾಣೆಗಳ ಕಾರ್ಯನಿರ್ವಹಣೆ, ಸಿಬ್ಬಂದಿ ಕೊರತೆ, ಗ್ರಾಮ ಪಂಚಾಯಿತಿ ಹಾಗೂ ನಗರ ಸ್ಥಳೀಯ ಸಂಸ್ಥೆಗಳ ಆಡಳಿತ ಮೊದಲಾದ ವಿಷಯಗಳ ಬಗ್ಗೆ ಶಾಸಕರು ಮತ್ತು ಸಂಸದರು ಸದನದಲ್ಲಿ ಪ್ರಶ್ನೆಗಳನ್ನು ಕೇಳುತ್ತಾರೆ. ಸಂಬಂಧಪಟ್ಟ ಸಚಿವರು ಸರ್ಕಾರದ ಪರವಾಗಿ ಉತ್ತರಿಸುತ್ತಾರೆ. ಸದರಿ ಉತ್ತರಗಳು ಯಾವ ಸದನದಲ್ಲಿ ದೊರೆಯುತ್ತವೆ, ಅವುಗಳನ್ನು ಹೇಗೆ ಓದಬೇಕು ಮತ್ತು ಅವುಗಳಿಂದ ಅರ್ಜಿದಾರರಿಗೆ ಆಗುವ ಪ್ರಯೋಜನವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಯಾವ ಪ್ರಶ್ನೆ, ಯಾವ ಸದನ

ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 1ನೆಯ ನಮೂದು ಸಾರ್ವಜನಿಕ ಸುವ್ಯವಸ್ಥೆ, 2ನೆಯ ನಮೂದು ಪೊಲೀಸ್ ಮತ್ತು 5ನೆಯ ನಮೂದು ಸ್ಥಳೀಯ ಆಡಳಿತಕ್ಕೆ ಸಂಬಂಧಿಸಿವೆ. ಆದ್ದರಿಂದ ಕರ್ನಾಟಕದ ಯಾವುದೇ ಠಾಣೆ, ಪಂಚಾಯಿತಿ ಅಥವಾ ಪುರಸಭೆಯ ಕುರಿತ ಪ್ರಶ್ನೆಗೆ ಉತ್ತರಿಸಬೇಕಾದ ಸ್ಥಳ ರಾಜ್ಯದ ವಿಧಾನ ಸಭೆ ಮತ್ತು ವಿಧಾನ ಪರಿಷತ್ತು. ಪೊಲೀಸ್ ವಿಷಯಗಳಿಗೆ ಒಳಾಡಳಿತ ಇಲಾಖೆಯ ಸಚಿವರು, ಗ್ರಾಮೀಣ ಸಂಸ್ಥೆಗಳಿಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು ಉತ್ತರಿಸುತ್ತಾರೆ. ನಗರ ಸಂಸ್ಥೆಗಳ ವಿಷಯದಲ್ಲಿ ಆಯಾ ಖಾತೆಯನ್ನು ಹೊಂದಿರುವ ಸಚಿವರು ಉತ್ತರ ನೀಡುತ್ತಾರೆ.

ಇದೇ ಪ್ರಶ್ನೆಯನ್ನು ಸಂಸತ್ತಿನಲ್ಲಿ ಕೇಳಿದಾಗ, ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆಗಳು ರಾಜ್ಯದ ವಿಷಯಗಳಾಗಿವೆ ಎಂಬ ಉತ್ತರ ಕೇಂದ್ರ ಗೃಹ ಸಚಿವಾಲಯದಿಂದ ಬರುವುದು ವಾಡಿಕೆ. ಇದನ್ನು ಹೊಣೆ ಜಾರಿಸುವ ಮಾತೆಂದು ಭಾವಿಸಬೇಕಾಗಿಲ್ಲ. ಸಂವಿಧಾನ ಮಾಡಿರುವ ಅಧಿಕಾರ ಹಂಚಿಕೆಯೇ ಹಾಗಿದೆ. ಆದರೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳು, ದೇಶದ ಅಪರಾಧ ಅಂಕಿ-ಅಂಶಗಳು ಮತ್ತು ರಾಜ್ಯಗಳಿಗೆ ನೀಡುವ ನೆರವಿನ ಕುರಿತು ಸಂಸತ್ತಿನಲ್ಲಿ ಉತ್ತರ ದೊರೆಯುತ್ತದೆ. ಸಂವಿಧಾನದ 239ಎಎ ಅನುಚ್ಛೇದದನ್ವಯ ದೆಹಲಿಯ ಪೊಲೀಸ್ ವಿಷಯ ಅಲ್ಲಿನ ವಿಧಾನ ಸಭೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ದೆಹಲಿ ಪೊಲೀಸರ ಕುರಿತ ಪ್ರಶ್ನೆಗಳಿಗೂ ಕೇಂದ್ರ ಗೃಹ ಸಚಿವಾಲಯವೇ ಉತ್ತರಿಸುತ್ತದೆ. ಪಂಚಾಯಿತಿಗಳಿಗೆ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಅನುದಾನದ ಬಗ್ಗೆ ಸಂಸತ್ತಿನಲ್ಲಿ ಕೇಳಬಹುದಾಗಿದೆ.

2. ಪ್ರಶ್ನೆಗಳ ವಿಧಗಳು

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸುತ್ತಾರೆ. ಸದಸ್ಯರು ಅದರ ಮೇಲೆ ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ ನೀಡಲಾಗುತ್ತದೆ, ಉಪಪ್ರಶ್ನೆಗೆ ಅವಕಾಶವಿರುವುದಿಲ್ಲ. ಸಾರ್ವಜನಿಕ ಮಹತ್ವದ ತುರ್ತು ವಿಷಯಗಳಿಗೆ ಅಲ್ಪಾವಧಿ ಸೂಚನೆಯ ಪ್ರಶ್ನೆ ಇರುತ್ತದೆ. ಲೋಕ ಸಭೆಯಲ್ಲಿ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಮತ್ತು 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳನ್ನು, ರಾಜ್ಯ ಸಭೆಯಲ್ಲಿ ಕ್ರಮವಾಗಿ 15 ಮತ್ತು 160 ಪ್ರಶ್ನೆಗಳನ್ನು ಪಟ್ಟಿ ಮಾಡಲಾಗುತ್ತದೆ. ರಾಜ್ಯದ ಉಭಯ ಸದನಗಳ ಕಾರ್ಯವಿಧಾನವನ್ನು ಸಂವಿಧಾನದ 208ನೆಯ ಅನುಚ್ಛೇದದ ಮೇರೆಗೆ ರಚಿಸಲಾದ ನಿಯಮಗಳು ನಿರ್ಧರಿಸುತ್ತವೆ.

ನ್ಯಾಯಾಲಯದ ವಿಚಾರಣೆಯಲ್ಲಿರುವ ವಿಷಯಗಳ ಕುರಿತ ಪ್ರಶ್ನೆಗಳನ್ನು ಸಾಮಾನ್ಯವಾಗಿ ಅಂಗೀಕರಿಸಲಾಗುವುದಿಲ್ಲ. ಅಂಗೀಕರಿಸುವ ಅಥವಾ ತಿರಸ್ಕರಿಸುವ ಅಧಿಕಾರ ಸಭಾಧ್ಯಕ್ಷರಿಗೆ, ಪರಿಷತ್ತಿನಲ್ಲಿ ಸಭಾಪತಿಗಳಿಗೆ ಇರುತ್ತದೆ.

3. ಉತ್ತರ ಸಿದ್ಧವಾಗುವ ಬಗೆ

ಅಂಗೀಕೃತ ಪ್ರಶ್ನೆಯನ್ನು ಸದನದ ಸಚಿವಾಲಯವು ಇಲಾಖೆಗೆ ಕಳುಹಿಸುತ್ತದೆ. ಇಲಾಖೆಯು ಕೆಳಹಂತದ ಕಚೇರಿಗಳಿಂದ ವರದಿ ತರಿಸಿಕೊಳ್ಳುತ್ತದೆ. ಪೊಲೀಸ್ ವಿಷಯವಾದಲ್ಲಿ ಜಿಲ್ಲಾ ಪೊಲೀಸ್ ಅಧೀಕ್ಷಕರು ಅಥವಾ ಪೊಲೀಸ್ ಆಯುಕ್ತರು, ಪಂಚಾಯಿತಿ ವಿಷಯವಾದಲ್ಲಿ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು ಮಾಹಿತಿ ಒದಗಿಸುತ್ತಾರೆ. ಕರಡು ಉತ್ತರಕ್ಕೆ ಸಚಿವರ ಅನುಮೋದನೆ ದೊರೆತ ನಂತರ ಅದು ಸದನಕ್ಕೆ ಸಲ್ಲುತ್ತದೆ. ಹೀಗೆ ತಾಲ್ಲೂಕಿನ ಒಂದು ಠಾಣೆಯ ಖಾಲಿ ಹುದ್ದೆಯ ಸಂಖ್ಯೆಯೂ ಸಚಿವರ ಹೊಣೆಯಲ್ಲಿ ಅಧಿಕೃತ ದಾಖಲೆಯಾಗುತ್ತದೆ.

4. ಉತ್ತರವನ್ನು ಓದುವ ಬಗೆ

ಪ್ರಶ್ನೆಯನ್ನು (ಅ), (ಆ), (ಇ) ಎಂದು ಭಾಗಗಳಾಗಿ ವಿಂಗಡಿಸಿ ಎದುರಿನಲ್ಲಿ ಉತ್ತರ ನೀಡಲಾಗಿರುತ್ತದೆ. ಪದೇ ಪದೇ ಬಳಕೆಯಾಗುವ ಕೆಲವು ಪದಗಳ ಅರ್ಥ ಹೀಗಿದೆ:

"ಸರ್ಕಾರದ ಗಮನಕ್ಕೆ ಬಂದಿದೆ" – ಸಮಸ್ಯೆ ಇರುವುದನ್ನು ಸರ್ಕಾರ ದಾಖಲೆಯಲ್ಲಿ ಒಪ್ಪಿದೆ. ಪರಿಹಾರ ಮಂಜೂರಾಗಿದೆ ಎಂದು ಇದರ ಅರ್ಥವಲ್ಲ.

"ಉದ್ಭವಿಸುವುದಿಲ್ಲ" – ಹಿಂದಿನ ಭಾಗಕ್ಕೆ ಇಲ್ಲ ಎಂದು ಉತ್ತರಿಸಿರುವುದರಿಂದ ಮುಂದಿನ ಭಾಗಕ್ಕೆ ಉತ್ತರ ಅಗತ್ಯವಿಲ್ಲ.

"ಪ್ರಸ್ತಾವನೆಯು ಪರಿಶೀಲನೆಯಲ್ಲಿದೆ" – ಕಡತ ಇದೆ, ತೀರ್ಮಾನ ಆಗಿಲ್ಲ.

"ಅನುದಾನದ ಲಭ್ಯತೆಯನ್ನಾಧರಿಸಿ ಕ್ರಮ ಕೈಗೊಳ್ಳಲಾಗುವುದು" – ಕಾಲಮಿತಿ ನೀಡಲಾಗಿಲ್ಲ.

"ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ" – ಠಾಣಾವಾರು ಅಥವಾ ಪಂಚಾಯಿತಿವಾರು ಅಂಕಿ-ಅಂಶಗಳು ಸಾಮಾನ್ಯವಾಗಿ ಇಲ್ಲಿರುತ್ತವೆ. ನಾಗರಿಕರಿಗೆ ಅತ್ಯಂತ ಉಪಯುಕ್ತವಾದ ಭಾಗ ಇದೇ ಆಗಿರುವುದರಿಂದ ಅನುಬಂಧವನ್ನು ತಪ್ಪದೆ ನೋಡುವುದು ಸೂಕ್ತ.

"ಮಾಹಿತಿಯನ್ನು ಸಂಗ್ರಹಿಸಿ ಒದಗಿಸಲಾಗುವುದು" ಎಂಬಂತಹ ಮಾತುಗಳು ಭರವಸೆಯ ಸ್ವರೂಪ ಹೊಂದಿರುತ್ತವೆ. ಇಂತಹ ಭರವಸೆಗಳ ಈಡೇರಿಕೆಯನ್ನು ಸದನದ ಭರವಸೆಗಳ ಸಮಿತಿ ಪರಿಶೀಲಿಸುತ್ತದೆ. ಲೋಕ ಸಭೆಯಲ್ಲಿ ಈ ಸಮಿತಿ 1953ರಲ್ಲಿ ರಚನೆಯಾಯಿತು; ಅಲ್ಲಿ ಭರವಸೆಗಳನ್ನು ಮೂರು ತಿಂಗಳೊಳಗೆ ಈಡೇರಿಸಬೇಕೆಂಬ ಮಿತಿ ಇದೆ.

5. ನಾಗರಿಕರು ಪ್ರಶ್ನೆ ಕೇಳಿಸುವುದು ಹೇಗೆ

ನಾಗರಿಕರು ಸಚಿವರಿಗೆ ಸದನದಲ್ಲಿ ನೇರವಾಗಿ ಪ್ರಶ್ನೆ ಕೇಳಲು ಅವಕಾಶವಿಲ್ಲ. ತಮ್ಮ ಕ್ಷೇತ್ರದ ಶಾಸಕರಿಗೆ ಅಥವಾ ವಿಧಾನ ಪರಿಷತ್ ಸದಸ್ಯರಿಗೆ ಲಿಖಿತ ಮನವಿ ಸಲ್ಲಿಸಬಹುದು. ಮನವಿಯಲ್ಲಿ ಠಾಣೆ ಅಥವಾ ಸಂಸ್ಥೆಯ ಹೆಸರು, ಅವಧಿ ಮತ್ತು ಬೇಕಾದ ಮಾಹಿತಿ ಸ್ಪಷ್ಟವಾಗಿರಬೇಕು. "ನಮ್ಮ ಊರಿನಲ್ಲಿ ಕಳ್ಳತನ ಹೆಚ್ಚಾಗಿದೆ" ಎಂಬುದಕ್ಕಿಂತ "ಸದರಿ ಠಾಣೆಗೆ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾಗಿರುವುದೆಷ್ಟು, ಕಳೆದ ಮೂರು ವರ್ಷಗಳಲ್ಲಿ ದಾಖಲಾದ ಕಳವು ಪ್ರಕರಣಗಳೆಷ್ಟು" ಎಂದು ಬರೆದ ಮನವಿಯಿಂದ ನಿಖರವಾದ ಉತ್ತರ ದೊರೆಯುವ ಸಂಭವ ಹೆಚ್ಚು.

6. ಸದನದ ಉತ್ತರವು ವೈಯಕ್ತಿಕ ಪರಿಹಾರವಲ್ಲ

ಸದನದ ಉತ್ತರದಿಂದ ಸರ್ಕಾರದ ಹೊಣೆ ದಾಖಲಾಗುತ್ತದೆಯೇ ಹೊರತು ಅರ್ಜಿದಾರರ ದೂರು ಇತ್ಯರ್ಥವಾಗುವುದಿಲ್ಲ. ಪ್ರಶ್ನೆಗೆ ಉತ್ತರ ಬರಲಿ ಎಂದು ಕಾಯುತ್ತ ಕುಳಿತಲ್ಲಿ ಸಾಕ್ಷ್ಯ ನಾಶವಾಗಬಹುದು, ಮೇಲ್ಮನವಿಯ ಅವಧಿ ಮೀರಬಹುದು. ಆದ್ದರಿಂದ ಕೆಳಕಂಡ ಮಾರ್ಗಗಳನ್ನು ವಿಳಂಬವಿಲ್ಲದೆ ಅನುಸರಿಸಬೇಕು:

(ಅ) ಪೊಲೀಸ್ ದೂರು: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 173ನೆಯ ಪ್ರಕರಣದನ್ವಯ ಸಂಜ್ಞೇಯ ಅಪರಾಧದ ಮಾಹಿತಿಯನ್ನು, ಅಪರಾಧ ನಡೆದ ಸ್ಥಳ ಯಾವ ಠಾಣೆಯ ವ್ಯಾಪ್ತಿಯದೇ ಆಗಿದ್ದರೂ, ಯಾವುದೇ ಠಾಣೆಯಲ್ಲಿ ನೀಡಬಹುದು. ದಾಖಲಾದ ಮಾಹಿತಿಯ ಪ್ರತಿಯನ್ನು ಉಚಿತವಾಗಿ ನೀಡಬೇಕು. ಠಾಣೆಯಲ್ಲಿ ನಿರಾಕರಿಸಿದಲ್ಲಿ ಲಿಖಿತ ದೂರನ್ನು ಅಂಚೆ ಮೂಲಕ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು. ಅಲ್ಲಿಯೂ ಕ್ರಮವಾಗದಿದ್ದಲ್ಲಿ ದಂಡಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು.

(ಆ) ಸೇವೆಯಲ್ಲಿ ವಿಳಂಬ: ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳನ್ನು ನಿಗದಿತ ದಿನಗಳೊಳಗೆ ಒದಗಿಸಬೇಕು. ಸ್ವೀಕೃತಿ ಸಂಖ್ಯೆಯನ್ನು ಕಡ್ಡಾಯವಾಗಿ ಪಡೆಯಬೇಕು. ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಕೋರಬಹುದು.

(ಇ) ಮಾಹಿತಿ: ಮಾಹಿತಿ ಹಕ್ಕು ಅಧಿನಿಯಮ, 2005ರನ್ವಯ ಸಾಮಾನ್ಯವಾಗಿ 30 ದಿನಗಳಲ್ಲಿ, ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದಲ್ಲಿ 48 ಗಂಟೆಗಳಲ್ಲಿ ಮಾಹಿತಿ ನೀಡಬೇಕು.

(ಈ) ಪಂಚಾಯಿತಿ ವಿಷಯಗಳು: ರಸ್ತೆ, ಕುಡಿಯುವ ನೀರು, ಬೀದಿ ದೀಪ, ಫಲಾನುಭವಿಗಳ ಆಯ್ಕೆ ಮುಂತಾದವುಗಳನ್ನು ಮೊದಲಿಗೆ ವಾರ್ಡ್ ಸಭೆ ಮತ್ತು ಗ್ರಾಮ ಸಭೆಯಲ್ಲಿ ಪ್ರಸ್ತಾಪಿಸಿ, ನಡವಳಿಯಲ್ಲಿ ದಾಖಲಿಸುವಂತೆ ಕೋರಬೇಕು.

7. ಉತ್ತರಗಳ ಬಳಕೆ

ಸದನದಲ್ಲಿ ಮಂಡಿತವಾದ ಉತ್ತರಗಳು ವಿಧಾನ ಸಭೆ ಮತ್ತು ವಿಧಾನ ಪರಿಷತ್ತಿನ ಅಂತರಜಾಲ ತಾಣಗಳಲ್ಲಿ ಲಭ್ಯವಿರುತ್ತವೆ. ಅರ್ಜಿಯಲ್ಲಿ ಉಲ್ಲೇಖಿಸುವಾಗ ಪ್ರಶ್ನೆಯ ಸಂಖ್ಯೆ, ಸದನದ ಹೆಸರು, ಉತ್ತರಿಸಿದ ದಿನಾಂಕ ಮತ್ತು ಇಲಾಖೆಯ ಕಡತ ಸಂಖ್ಯೆಯನ್ನು ನಮೂದಿಸುವುದು ಒಳಿತು. ತಮ್ಮ ಊರಿಗೆ ಉಪ ಠಾಣೆ ಮಂಜೂರಾಗಿದೆ ಎಂದು ಸಚಿವರು ಸದನಕ್ಕೆ ತಿಳಿಸಿದ್ದು, ಸ್ಥಳದಲ್ಲಿ ಅದು ಆರಂಭವಾಗಿರದಿದ್ದಲ್ಲಿ, ಆ ಉತ್ತರದ ಪ್ರತಿಯೇ ಮನವಿಯ ಪ್ರಬಲ ಲಗತ್ತಾಗುತ್ತದೆ. ಉತ್ತರಕ್ಕೂ ವಾಸ್ತವಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಅದನ್ನು ಪ್ರಶ್ನೆ ಕೇಳಿದ ಸದಸ್ಯರ ಗಮನಕ್ಕೆ ಲಿಖಿತವಾಗಿ ತರಬಹುದಾಗಿದೆ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅಧಿನಿಯಮ ಮತ್ತು ನಿಯಮಗಳ ಮೂಲ ಪಠ್ಯವೇ ಅಂತಿಮವಾಗಿರುತ್ತದೆ.