ಎಚ್‌ವಿಆರ್, ಆರ್‌ಎನ್‌ಆರ್, ಬಿವೈಡಿ: ಸ್ವರ ಕಳಕೊಂಡ ನಮ್ಮೂರುಗಳು

ರೈಲು ಟಿಕೆಟ್ ಬುಕ್ ಮಾಡೋ ಆ್ಯಪ್‌ನಲ್ಲಿ ಹಾವೇರಿ ಹುಡುಕಿದ್ರೆ ಪಕ್ಕದಲ್ಲೇ ಎಚ್‌ವಿಆರ್ ಅಂತ ಬರ್ತದ. ರಾಣೆಬೆನ್ನೂರಿಗೆ ಆರ್‌ಎನ್‌ಆರ್, ಬ್ಯಾಡಗಿಗೆ ಬಿವೈಡಿ. ಹೆಸರಿನ ಸ್ವರ ಎಲ್ಲಾ ಹೋಗಿ ವ್ಯಂಜನ ಅಷ್ಟೇ ಉಳಿದಾವ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಭಾಗಕ್ಕೆ ಹಳಿ ಹಾಕಿತು. ಆಗ ಸ್ಟೇಷನ್‌ನಿಂದ ಸ್ಟೇಷನ್‌ಗೆ ಸುದ್ದಿ ಹೋಗ್ತಿದ್ದದ್ದು ಟೆಲಿಗ್ರಾಫ್‌ನಲ್ಲಿ, ಒಂದೊಂದೇ ಅಕ್ಷರ ಕುಟ್ಟಿ. ಹೆಸರು ಗಿಡ್ಡಾದಷ್ಟೂ ಕೆಲಸ ಹಗುರ. ಸ್ಟೇಷನ್ ಕೋಡ್ ಆ ಕಾಲದ ಪದ್ಧತಿ. ಸ್ವರ ತೆಗೀಲೇಬೇಕು ಅನ್ನೋ ನಿಯಮವೇನಿಲ್ಲ. ಹುಬ್ಬಳ್ಳಿಯ ಕೋಡ್ ಯುಬಿಎಲ್, ಅಲ್ಲಿ ಸ್ವರ ಉಳಿದು ಎಚ್ ಹೋಗ್ಯದ.

ಇದೇ ಆಟ ಕನ್ನಡ ಲಿಪಿಯಲ್ಲಿ ಆಡೋಣ. ಇಳಿ, ಗುಡಿಸು, ಕೊಂಬು, ಎತ್ವ ಎಲ್ಲಾ ಅಳಿಸಿ. ಹಾವೇರಿ ‘ಹವರ’ ಆಯ್ತು, ರಾಣೆಬೆನ್ನೂರು ‘ರಣಬನ್ನರ’. ನಗು ಬರ್ತದ. ಆದರೆ ಗಮನಿಸಿ, ಸ್ವರ ಪೂರ್ತಿ ಹೋಗಿಲ್ಲ. ಕನ್ನಡದ ವ್ಯಂಜನದೊಳಗೆ ‘ಅ’ ಕೂತೇ ಇರ್ತದೆ. ಹಂಗಾಗಿ ಇಲ್ಲಿ ಪದ ಮೂಕ ಆಗಲ್ಲ, ಬೇರೆ ಪದ ಆಗ್ತದ. ಹಾಲು, ಹುಲಿ, ಹೊಲ ಮೂರೂ ‘ಹಲ’. ‘ಹಲ ಬಂತ’ ಅಂತ ಚೀಟಿ ಬಂದ್ರೆ ಪಾತ್ರೆ ಹಿಡ್ಕೊಂಡು ಹೊರಗೆ ಬರಬೇಕೋ, ಬಾಗಿಲು ಹಾಕ್ಕೋಬೇಕೋ?

ನಿಜವಾಗಿ ಹೀಗೆ ಬರೆದವರೂ ಇದ್ರು. ಉತ್ತರ ಭಾರತದ ವರ್ತಕರು ಲೆಕ್ಕದ ಪುಸ್ತಕಕ್ಕೆ ಬಳಸ್ತಿದ್ದ ಮಹಾಜನಿ ಲಿಪಿಯಲ್ಲಿ ಸ್ವರಚಿಹ್ನೆ ಬಿಡೋದು ಸಾಮಾನ್ಯ. ಅದರ ಮೇಲೊಂದು ಹಳೇ ಜೋಕ್ ಅದ: ‘ಕಾಕಾ ಅಜ್ಮೇರ್ ಗಯೇ’ ಅಂತ ಬರೆದ ಪತ್ರವನ್ನ ಮನೆಯವರು ‘ಕಾಕಾ ಆಜ್ ಮರ್ ಗಯೇ’ ಅಂತ ಓದಿ ಅಳೋಕೆ ಶುರುಮಾಡಿದರಂತೆ. ಊರಿಗೆ ಹೋದ ಕಾಕಾ ಸತ್ತೇಹೋದ! ಅಂಗಡಿಯ ಗುಮಾಸ್ತನಿಗೆ ಸಂದರ್ಭ ಗೊತ್ತಿರ್ತಿತ್ತು, ಓದ್ತಿದ್ದ. ಹೊರಗಿನವನಿಗೆ ಅದು ಬೀಗ ಹಾಕಿದ ಪೆಟ್ಟಿಗೆ.

ಬೈಗುಳ ಮುಚ್ಚೋದೂ ಹೀಗೇ. ಇಂಗ್ಲಿಷ್‌ನಲ್ಲಿ ನಡುವಿನ ಸ್ವರದ ಜಾಗಕ್ಕೆ ನಕ್ಷತ್ರ ಇಟ್ರೆ ಸಾಕು. ಕನ್ನಡದಲ್ಲಿ ಅಷ್ಟಕ್ಕೆ ಆಗಲ್ಲ, ಇಡೀ ಅಕ್ಷರವನ್ನೇ ನುಂಗಿ ಚುಕ್ಕಿ ಇಡಬೇಕು. ಎರಡರಲ್ಲೂ ಓದೋನು ಯಾರು? ಆ ಬೈಗುಳ ಮೊದಲೇ ಗೊತ್ತಿದ್ದವನು.

ಆಮೇಲೆ ಎಸ್‌ಎಂಎಸ್ ಬಂತು. ಇಂಗ್ಲಿಷ್ ಅಕ್ಷರದಲ್ಲಾದ್ರೆ ಒಂದು ಮೆಸೇಜಿಗೆ 160, ಕನ್ನಡದಲ್ಲಾದ್ರೆ 70. ಅದರಲ್ಲಿ ಕೊಂಬು, ಗುಡಿಸೂ ಲೆಕ್ಕಕ್ಕೆ! ಹಂಗಾಗಿ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ, ಅದೂ ಸ್ವರ ನುಂಗಿ ಬರೆಯೋ ಚಾಳಿ ಬೆಳೀತು.

2014ರ ನವೆಂಬರ್ 1ರಂದು ಕರ್ನಾಟಕ ಸರ್ಕಾರ 12 ನಗರಗಳ ಇಂಗ್ಲಿಷ್ ಹೆಸರು ಬದಲಿಸಿತು. ತುಮ್ಕೂರ್ ಹೋಗಿ ತುಮಕೂರು, ಹಾಸ್ಪೆಟ್ ಹೋಗಿ ಹೊಸಪೇಟೆ ಆದವು. ಕಳೆದುಹೋದ ಸ್ವರಗಳು ವಾಪಸ್ ಬಂದವು. ನಮ್ಮ ಮೂರೂ ಊರು ಆ ಪಟ್ಟಿಯಲ್ಲಿ ಇರಲಿಲ್ಲ. ಭೌಗೋಳಿಕ ಸೂಚಿ ಪಡೆದ ಮೆಣಸಿನಕಾಯಿಯ ಊರನ್ನ ಇವತ್ತಿಗೂ ಇಂಗ್ಲಿಷ್‌ನಲ್ಲಿ ಹೆಚ್ಚಾಗಿ ‘ಬ್ಯಾಡ್ಗಿ’ ಅಂತಲೇ ಬರೀತಾರೆ.

ಮಾತಾಡುವಾಗ ನಾವೂ ‘ಬ್ಯಾಡ್ಗಿ’ ಅಂತೀವಿ, ಸುಳ್ಳಲ್ಲ. ಆದರೆ ನುಂಗಿದ್ದು ಏನು ಅಂತ ನಮಗೆ ಗೊತ್ತು. ಹೆಸರನ್ನ ಮೊಬೈಲ್‌ನಲ್ಲಷ್ಟೇ ನೋಡಿ ಕಲಿಯೋ ಹುಡುಗರಿಗೆ ಅದು ಗೊತ್ತಾಗೋದು ಹೆಂಗ? ಯಾರಾದ್ರೂ ಪೂರ್ತಿ ಹೆಸರು ಬರೆದು ತೋರಿಸಬೇಕು. ನಿಮ್ಮೂರಿನ ಸ್ಟೇಷನ್ ಕೋಡ್ ಜೊತೆ ಪೂರ್ತಿ ಹೆಸರು ಕನ್ನಡದಲ್ಲಿ ಬರೆದು ಕಳಿಸ್ರಿ. ಮುಂದಿನ ಎಪಿಸೋಡ್‌ನಲ್ಲಿ ಓದ್ತೀನಿ.