ಬೆಲ್ಟು-ಪುಲ್ಲಿಗಳ ಜೋಡಿ: ಲೋವೆಲ್ಲಿನ ಗಿರಣಿಯಿಂದ ಮನೆಯ ಗ್ರೈಂಡರಿನವರೆಗೆ

ನ್ಯೂ ಇಂಗ್ಲೆಂಡಿನಲ್ಲಿರುವ ನಮಗೆ ಲೋವೆಲ್ ಹತ್ತಿರದ ಊರು. ಅಲ್ಲಿನ ಬೂಟ್ ಗಿರಣಿಯಲ್ಲಿ 1992ರಲ್ಲಿ ತೆರೆದ ವಸ್ತುಸಂಗ್ರಹಾಲಯದ ಮಗ್ಗಗಳನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಛಾವಣಿಯಡಿ ಉದ್ದನೆಯ ಶಾಫ್ಟು, ಅದರಿಂದ ಪ್ರತಿ ಮಗ್ಗಕ್ಕೂ ಇಳಿದು ಬರುವ ಬೆಲ್ಟು. ನಮ್ಮ ಊರುಗಳ ಹಿಟ್ಟಿನ ಗಿರಣಿಯಲ್ಲಿ ಪಟಪಟ ಬಡಿಯುತ್ತಿದ್ದ ಬೆಲ್ಟೂ ಇದೇ ಕುಲದ್ದು.

ಮೊದಲಿನ ಗಿರಣಿಗಳಲ್ಲಿ ನೀರಿನ ಚಕ್ರದ ಶಕ್ತಿಯನ್ನು ಮಹಡಿಯಿಂದ ಮಹಡಿಗೆ ಒಯ್ಯುತ್ತಿದ್ದುದು ಹಲ್ಲಿನ ಚಕ್ರಗಳು. ಇಂಗ್ಲೆಂಡಿನ ಪದ್ಧತಿ ಅದು. ಹಲ್ಲುಗಳು ಒರಟಾಗಿದ್ದರೆ ವಿಪರೀತ ಸದ್ದು, ಸವೆತ. ಒಂದು ಮುರಿದರೆ ಕೆಲಸವೇ ನಿಲ್ಲುತ್ತಿತ್ತು. 1828ರಲ್ಲಿ ಪಾಲ್ ಮೂಡಿ ಎಂಬ ಯಂತ್ರಜ್ಞರು ಲೋವೆಲ್ಲಿನ ಆಪಲ್ಟನ್ ಗಿರಣಿಯಲ್ಲಿ ಹಲ್ಲಿನ ಚಕ್ರಗಳ ಬದಲು ಅಗಲವಾದ ಚರ್ಮದ ಬೆಲ್ಟುಗಳನ್ನು ಹಾಕಿಸಿದರು. ಮುಂದೆ ಅಮೆರಿಕದ ಕಾರ್ಖಾನೆಗಳಿಗೆಲ್ಲ ಅದೇ ದಾರಿಯಾಯಿತು.

ಶಾಫ್ಟು ಒಂದೇ ವೇಗದಲ್ಲಿ ತಿರುಗುತ್ತದೆ, ಆದರೆ ಒಂದೊಂದು ಯಂತ್ರಕ್ಕೆ ಒಂದೊಂದು ವೇಗ ಬೇಕು. ಇದನ್ನು ಹೊಂದಿಸುವುದು ಪುಲ್ಲಿಯ ಅಳತೆ. ತಿರುಗಿಸುವ ಪುಲ್ಲಿಯ ವ್ಯಾಸವನ್ನು ಅದರ ಸುತ್ತುಗಳಿಂದ ಗುಣಿಸಿ, ತಿರುಗುವ ಪುಲ್ಲಿಯ ವ್ಯಾಸದಿಂದ ಭಾಗಿಸಿದರೆ ಯಂತ್ರದ ವೇಗ ಸಿಗುತ್ತದೆ. ಲೇತಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಎರಡು ಪುಲ್ಲಿಗಳನ್ನು ತಲೆಕೆಳಗಾಗಿ ಜೋಡಿಸುತ್ತಿದ್ದರು; ಒಂದೇ ಬೆಲ್ಟು ಎಲ್ಲ ಮೆಟ್ಟಿಲಿಗೂ ಸಾಲುತ್ತಿತ್ತು. ಚಪ್ಪಟೆ ಬೆಲ್ಟಿನ ಪುಲ್ಲಿಯ ನಡುಭಾಗ ತುಸು ಉಬ್ಬಿರುತ್ತದೆ. ಬೆಲ್ಟು ತಾನಾಗಿ ಉಬ್ಬಿನ ಕಡೆಗೆ ಏರಿ, ಜಾರದೆ ನಡುವೆಯೇ ಓಡುತ್ತದೆ.

ಈ ಸೌಕರ್ಯಕ್ಕೆ ಕಾರ್ಮಿಕರು ತೆತ್ತ ಬೆಲೆಯೂ ಇದೆ. ತೆರೆದ ಬೆಲ್ಟು, ಶಾಫ್ಟುಗಳು ಸೆರಗು, ಕೂದಲು, ಬೆರಳುಗಳನ್ನು ಎಳೆದುಕೊಳ್ಳುತ್ತಿದ್ದವು. 1877ರಲ್ಲಿ ನಮ್ಮ ಮ್ಯಾಸಚೂಸೆಟ್ಸ್ ರಾಜ್ಯವೇ ಈ ದೇಶದ ಮೊದಲ ಕಾರ್ಖಾನೆ ತಪಾಸಣೆ ಕಾನೂನು ತಂದು, ಬೆಲ್ಟು, ಶಾಫ್ಟು, ಹಲ್ಲಿನ ಚಕ್ರಗಳಿಗೆ ಕಾವಲು ಹಾಕಬೇಕೆಂದು ವಿಧಿಸಿತು.

ಶಾಫ್ಟಿನ ಕಾಲ ಮುಗಿಸಿದ್ದು ವಿದ್ಯುತ್ತು. ನಮ್ಮಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಬಂತು. ಕ್ರಮೇಣ ಎಲ್ಲೆಡೆ ಪ್ರತಿ ಯಂತ್ರಕ್ಕೂ ತನ್ನದೇ ಮೋಟಾರು ಬಂದಾಗ, ಕಡಿಮೆ ಜಾಗದಲ್ಲಿ ಜಾರದೆ ಎಳೆಯುವ ಬೆಲ್ಟು ಬೇಕಾಯಿತು. ಡೆನ್ವರಿನ ಜಾನ್ ಗೇಟ್ಸ್ 1917ರಲ್ಲಿ ರಬ್ಬರಿನ ವಿ-ಬೆಲ್ಟನ್ನು ತಯಾರಿಸಿದರು. ಇದು ಬೆಣೆಯಂತೆ ಪುಲ್ಲಿಯ ಎರಡೂ ಪಕ್ಕಗಳನ್ನು ಹಿಡಿದು ಎಳೆಯುತ್ತದೆ. ಗಾಡಿಯ ತಳಕ್ಕೆ ಬೆಲ್ಟು ತಾಗಿದರೆ ಹಿಡಿತ ಹೋಯಿತೆಂದೇ ಅರ್ಥ. ಆದ್ದರಿಂದ ಮೇಲಗಲ 13 ಮಿಲಿಮೀಟರಿನ 'ಎ' ಬೆಲ್ಟನ್ನು 17 ಮಿಲಿಮೀಟರಿನ 'ಬಿ' ಪುಲ್ಲಿಗೆ ಹಾಕಬಾರದು. ಒಂದೇ ಯಂತ್ರಕ್ಕೆ ಮೂರು ನಾಲ್ಕು ಬೆಲ್ಟುಗಳಿದ್ದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು; ಹಳೆಯದು ಹಿಗ್ಗಿರುವುದರಿಂದ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ.

ಇನ್ನು ನಮ್ಮ ಮನೆಗಳ ವಿಚಾರ. ಊರಿನಿಂದ ತಂದ ಬೆಲ್ಟಿನ ಗ್ರೈಂಡರಿಗೆ ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜು ಸರಿಹೋಗುತ್ತದೆ, ವೇಗ ಸರಿಹೋಗುವುದಿಲ್ಲ. ಭಾರತದ ವಿದ್ಯುತ್ತು 50 ಸೈಕಲ್, ಇಲ್ಲಿಯದು 60. ಅಲ್ಲಿ ನಿಮಿಷಕ್ಕೆ 1440 ಸುತ್ತುವ ಮೋಟಾರು ಇಲ್ಲಿ ಸುಮಾರು 1725 ಸುತ್ತುತ್ತದೆ. ಮೋಟಾರಿಗೆ 3 ಇಂಚು, ಯಂತ್ರಕ್ಕೆ 12 ಇಂಚಿನ ಪುಲ್ಲಿ ಇದ್ದರೆ ಅಲ್ಲಿ 360 ಸುತ್ತು, ಇಲ್ಲಿ 431. ಮೋಟಾರಿಗೆ ಎರಡೂವರೆ ಇಂಚಿನ ಪುಲ್ಲಿ ಹಾಕಿದರೆ ಮತ್ತೆ 360ರ ಹತ್ತಿರ ಬರುತ್ತದೆ.

ಗ್ಯಾರೇಜಿನಲ್ಲಿ ಸಾಣೆಕಲ್ಲು ಇಟ್ಟುಕೊಂಡವರಂತೂ ಈ ಲೆಕ್ಕ ಮರೆಯಬಾರದು. ಕಲ್ಲಿನ ಮೇಲೆ ಬರೆದ ಗರಿಷ್ಠ ವೇಗ ಮೀರಿದರೆ ಅದು ಒಡೆದು ಸಿಡಿಯಬಹುದು. ಬೆಲ್ಟು ಮುಟ್ಟುವ ಮೊದಲು ಪ್ಲಗ್ ಕೀಳಿ. ಕೆಲಸ ಮುಗಿದ ಮೇಲೆ ಮುಚ್ಚಳವನ್ನು ತಪ್ಪದೆ ಹಾಕಿ.