ಒಂದು ಮಾತು, ಹಲವು ಉಗ್ರಾಣ

ನಾಸಿಕದಿಂದ ಔರಂಗಾಬಾದಿಗೆ, ಎಂದರೆ 2023ರಲ್ಲಿ ಛತ್ರಪತಿ ಸಂಭಾಜಿನಗರವೆಂಬ ಹೆಸರನ್ನು ಪಡೆದ ಊರಿಗೆ, ಸರಕು ಕಳುಹುತ್ತಿದ್ದ ಹಿಂದಿನ ವರ್ತಕನಿಗೆ ಒಂದು ತೊಡಕಿತ್ತು. ಎರಡೂ ಕಡೆ ಲೆಕ್ಕವು ರೂಪಾಯಿ, ಆಣೆ, ಪೈಗಳಲ್ಲಿಯೇ. ಹದಿನಾರು ಆಣೆಗೆ ಒಂದು ರೂಪಾಯಿ, ಹನ್ನೆರಡು ಪೈಗೆ ಒಂದು ಆಣೆ. ಆದರೆ ಮುಂಬಯಿ ಇಲಾಖೆಯ ನಾಸಿಕದಲ್ಲಿ ನಡೆಯುತ್ತಿದ್ದುದು ಬ್ರಿಟಿಷರ ಕಲದಾರ ರೂಪಾಯಿ. ನಿಜಾಮರ ಸೀಮೆಯ ಔರಂಗಾಬಾದಿನಲ್ಲಿ ಹಾಲಿ ಸಿಕ್ಕ. ನಿಜಾಮರ ಆಳಿಕೆಯ ಕೊನೆಯ ದಶಕಗಳಲ್ಲಿ ನೂರು ಕಲದಾರಕ್ಕೆ ಹಾಲಿಯ ಸುಮಾರು 116 ರೂಪಾಯಿ 10 ಆಣೆ 8 ಪೈ, ಅಂದರೆ ಆರಕ್ಕೆ ಏಳು, ರೂಢಿಯ ದರವಾಗಿತ್ತು. ಕಲಬುರ್ಗಿ, ರಾಯಚೂರು, ಬೀದರಗಳ ನಮ್ಮ ಹಿರಿಯರಿಗೂ ಈ ಲೆಕ್ಕ ತಪ್ಪಿದ್ದಲ್ಲ. ಹೆಸರು ಒಂದೇ ಆದುದರಿಂದ ಬೆಲೆಯೂ ಒಂದೇ ಎಂದು ನಂಬಿದವನಿಗೆ ನಷ್ಟವೇ ಗತಿ.

ಈ ಹಳೆಯ ಸಂಗತಿಯನ್ನು ಇಲ್ಲಿ ಎತ್ತಲು ಕಾರಣವುಂಟು. ಗಣಕಯಂತ್ರಗಳ ಇತಿಹಾಸದಲ್ಲಿಯೂ ಇಂತಹುದೇ ಒಂದು ಪ್ರಕರಣ ನಡೆದಿದೆ. ಅದು ಕನ್ನಡಕ್ಕೂ ಸಂಬಂಧಪಟ್ಟದ್ದಾಗಿದೆ.

ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು ಬೇರೆ ಬೇರೆ ಬಳಗಗಳು ಬೇರೆ ಬೇರೆ ರೂಪದಲ್ಲಿ ಹಂಚುತ್ತವೆ. ಪ್ರತಿಯೊಂದು ಬಳಗಕ್ಕೂ ತಂತ್ರಾಂಶಗಳ ಉಗ್ರಾಣವೊಂದಿರುತ್ತದೆ. ಅದರಲ್ಲಿರುವ ಒಂದೊಂದು ಕಟ್ಟಿಗೆ ಪ್ಯಾಕೇಜೆಂದು ಹೆಸರು. ಕೇಳಿದ ಕಟ್ಟನ್ನೂ ಅದು ಅವಲಂಬಿಸಿರುವ ಇತರ ಕಟ್ಟುಗಳನ್ನೂ ತಂದು ಯಂತ್ರದಲ್ಲಿ ನೆಲೆಗೊಳಿಸುವ ಉಗ್ರಾಣಿಯೇ ಪ್ಯಾಕೇಜ್ ಮ್ಯಾನೇಜರ್. ಇಯನ್ ಮರ್ಡಾಕ್ ಅವರು 1993ರಲ್ಲಿ ಆರಂಭಿಸಿದ ಡೆಬಿಯನ್ ಬಳಗವು ಡಿಪಿಕೆಜಿಯನ್ನೂ, ಅದರ ಮೇಲೆ 1998ರಲ್ಲಿ ಆಪ್ಟ್ ಎಂಬುದನ್ನೂ ರೂಪಿಸಿತು. ರೆಡ್ ಹ್ಯಾಟ್ ಸಂಸ್ಥೆಯು 1995ರಲ್ಲಿ ಆರ್‌ಪಿಎಮ್ಮನ್ನು ತಂದಿತು. ಅದರ ಮೇಲೆ ಯಮ್, 2015ರಿಂದ ಫೆಡೋರದಲ್ಲಿ ಡಿಎನ್‌ಎಫ್ ಬಂದವು. 2002ರಲ್ಲಿ ಹುಟ್ಟಿದ ಆರ್ಚ್ ಬಳಗದ ಉಗ್ರಾಣಿ ಪ್ಯಾಕ್‌ಮನ್. ಹೀಗೆ ಕೆಲಸವೊಂದೇ ಆದರೂ ಆಡಬೇಕಾದ ಮಾತುಗಳು ಹಲವಾದುವು.

ಮಾತು ಬೇರೆಯಾಗಿರುವುದು ದೊಡ್ಡ ತೊಂದರೆಯಲ್ಲ. ಮಾತು ಒಂದೇ ಆಗಿ ಅರ್ಥ ಬೇರೆಯಾಗುವುದೇ ತೊಂದರೆ. ಆಪ್ಟಿಗೆ 'ಅಪ್‌ಡೇಟ್' ಎಂದರೆ ಅದು ಉಗ್ರಾಣದ ಪಟ್ಟಿಯನ್ನು ಮಾತ್ರ ಹೊಸದಾಗಿ ತರಿಸುತ್ತದೆ. ಯಂತ್ರದೊಳಗಿನ ಒಂದು ತಂತ್ರಾಂಶವೂ ಬದಲಾಗುವುದಿಲ್ಲ. ಅದೇ ಮಾತನ್ನು ಡಿಎನ್‌ಎಫ್‌ಗೆ ಹೇಳಿದರೆ ತಂತ್ರಾಂಶಗಳನ್ನೇ ಹೊಸದಾಗಿಸಲು ಹೊರಡುತ್ತದೆ. ಫೆಡೋರದಲ್ಲಿ ಪಳಗಿದವನು ಡೆಬಿಯನ್ ಯಂತ್ರದ ಮುಂದೆ ಕುಳಿತು 'ಅಪ್‌ಡೇಟ್' ಎಂದು ಬರೆದು, ಭದ್ರತೆಯ ದೋಷಗಳೆಲ್ಲ ಸರಿಹೋದುವೆಂದು ನೆಮ್ಮದಿಯಿಂದ ಎದ್ದುಹೋಗಬಹುದು. ದೋಷಗಳು ಇದ್ದಲ್ಲಿಯೇ ಇರುತ್ತವೆ. ಕಲದಾರವೆಂದು ತಿಳಿದು ಹಾಲಿಯನ್ನು ಎಣಿಸಿಕೊಂಡಂತೆಯೇ ಇದು.

ಈ ತೊಡಕನ್ನು ಕಳೆಯಲು ಯತ್ನಗಳು ನಡೆದುವು. ಬ್ರೆಜಿಲ್ ದೇಶದ ಕೊನೆಕ್ಟಿವಾ ಸಂಸ್ಥೆಯು 2000ದ ಸುಮಾರಿನಲ್ಲಿ ಡೆಬಿಯನ್ನಿನ ಆಪ್ಟನ್ನೇ ಆರ್‌ಪಿಎಮ್ ಉಗ್ರಾಣಕ್ಕೆ ಅಳವಡಿಸಿತು. ರಿಚರ್ಡ್ ಹ್ಯೂಸ್ ಅವರ ಪ್ಯಾಕೇಜ್‌ಕಿಟ್ 2007ರಲ್ಲಿ ಬಂದಿತು. ಇದು ಹಳೆಯ ಉಗ್ರಾಣಿಗಳನ್ನು ಕೆಲಸದಿಂದ ತೆಗೆಯಲಿಲ್ಲ. ಅವರೆಲ್ಲರ ಮುಂದೆ ನಿಂತ ದುಭಾಷಿಯಾಯಿತು. ಇದರ ಪಿಕೆಕಾನ್ ಎಂಬ ಆದೇಶದಲ್ಲಿ ಪಟ್ಟಿಯನ್ನು ತರಿಸುವುದಕ್ಕೆ 'ರಿಫ್ರೆಶ್', ತಂತ್ರಾಂಶವನ್ನು ಹೊಸದಾಗಿಸುವುದಕ್ಕೆ 'ಅಪ್‌ಡೇಟ್' ಎಂದು ಪದಗಳನ್ನು ಬೇರ್ಪಡಿಸಲಾಗಿದೆ. ಪ್ಯಾಕ್‌ಮನ್ನಿನ ನುಡಿಗಟ್ಟನ್ನೇ ಎಲ್ಲೆಡೆ ನಡೆಸುವ ಪ್ಯಾಕಾಪ್ಟ್ ಎಂಬ ಕಿರುಸಾಧನವೂ ಇದೆ.

ಇಷ್ಟಾದರೂ ಒಂದಾದುದು ಕ್ರಿಯಾಪದ ಮಾತ್ರ, ನಾಮಪದ ಒಂದಾಗಲಿಲ್ಲ. ರೆಡ್ ಹ್ಯಾಟ್ 2004ರಲ್ಲಿ ಭಾರತೀಯ ಲಿಪಿಗಳಿಗಾಗಿ ಲೋಹಿತ್ ಅಕ್ಷರಗಳನ್ನು ಮುಕ್ತವಾಗಿ ನೀಡಿತು. ಇಂದು ಲೋಹಿತ್ ಅಕ್ಷರಗಳಲ್ಲಿ ಕನ್ನಡವೂ ಸೇರಿದೆ. ಈ ಅಕ್ಷರದ ಕಟ್ಟಿಗೆ ಫೆಡೋರದಲ್ಲಿ 'ಲೋಹಿತ್-ಕನ್ನಡ-ಫಾಂಟ್ಸ್' ಎಂದು ಹೆಸರು. ಡೆಬಿಯನ್ನಿನಲ್ಲಿ ಅದು 'ಫಾಂಟ್ಸ್-ಲೋಹಿತ್-ಕೆಎನ್‌ಡಿಎ'. ಕೊನೆಯ ನಾಲ್ಕು ಅಕ್ಷರಗಳು ಕನ್ನಡ ಲಿಪಿಗೆ ಅಂತರರಾಷ್ಟ್ರೀಯ ಮಾನಕವು ಕೊಟ್ಟಿರುವ ಸಂಕೇತ. ನಾಸಿಕದಲ್ಲಿ ಒಂದು ಬಗೆಯ ಯಂತ್ರ, ಸಂಭಾಜಿನಗರದಲ್ಲಿ ಇನ್ನೊಂದು ಬಗೆಯದು ಇದ್ದರೆ, ದುಭಾಷಿಯ ಮೂಲಕ ಒಂದೇ ಆದೇಶವನ್ನು ಕೊಟ್ಟರೂ ಒಂದು ಕಡೆ ಕನ್ನಡ ಮೂಡೀತು, ಇನ್ನೊಂದು ಕಡೆ 'ಅಂತಹ ಕಟ್ಟಿಲ್ಲ' ಎಂಬ ಉತ್ತರ ಬಂದೀತು. ಅಲ್ಲಿ ಕನ್ನಡವೇ ಇಲ್ಲವೆಂದು ಭಾವಿಸಿ ಕೈಬಿಡುವವರೂ ಇರಬಹುದು. ನಮ್ಮಂತಹ ಹೊರನಾಡಿಗರಿಗೆ ಇದು ಸಣ್ಣ ನಷ್ಟವಲ್ಲ.

2009ರ ಫೆಡೋರ 11ರಲ್ಲಿ ಇದಕ್ಕೆ ಒಂದು ಬಗೆಯ ಪರಿಹಾರ ಕಂಡಿತು. ಪ್ರತಿ ಅಕ್ಷರದ ಕಟ್ಟೂ ತಾನು ಯಾವ ಭಾಷೆಗೆ ಒದಗುವುದೆಂಬುದನ್ನು ತಾನೇ ಸಾರುವಂತೆ ಮಾಡಿ, 'ಕನ್ನಡಕ್ಕೆ ಅಕ್ಷರ ಬೇಕು' ಎಂದು ಕೇಳಿದರೆ ಪ್ಯಾಕೇಜ್‌ಕಿಟ್ ಹುಡುಕಿ ತರುವಂತೆ ಏರ್ಪಡಿಸಿದರು. ಕಟ್ಟಿನ ಹೆಸರಿನಿಂದಲ್ಲ, ಅಗತ್ಯದಿಂದ ಕೇಳುವ ಈ ರೀತಿಯೇ ಏಕರೂಪತೆಯ ಕಡೆಗಿನ ನಿಜವಾದ ಹೆಜ್ಜೆಯೆಂದು ನನ್ನ ಅಭಿಪ್ರಾಯ.

ನಾಣ್ಯದ ತೊಡಕು ಹಾಲಿ ಸಿಕ್ಕವು ಚಲಾವಣೆಯಿಂದ ಹೋದಾಗ ಮುಗಿಯಿತು. ಅದರ ಹಿಂದೆ ಒಂದು ಸರ್ಕಾರವಿತ್ತು. ಮುಕ್ತ ತಂತ್ರಾಂಶದ ಲೋಕದಲ್ಲಿ ಅಂತಹ ಸರ್ಕಾರವಿಲ್ಲ, ಇರಬೇಕೆಂದು ಯಾರೂ ಬಯಸುವುದೂ ಇಲ್ಲ. ಅಲ್ಲಿ ಉಗ್ರಾಣಗಳು ಹಲವಾಗಿಯೇ ಉಳಿಯುತ್ತವೆ. ಆದುದರಿಂದ ಒಂದೇ ಮಾತು ಸಾಕೆಂದು ನೆಚ್ಚದೆ, ಆರಕ್ಕೆ ಏಳೆಂಬ ದರವನ್ನು ಬಲ್ಲ ವರ್ತಕನಂತೆ, ಮಾತಿನ ಹಿಂದಿನ ಬೆಲೆಯನ್ನು ತಿಳಿದಿರುವುದು ಲೇಸು.